ನದಿದಂಡೆಯ ಗೇಟು ತೆರೆಸಿದ ವಿಜಯಮ್ಮ

ವಿಜಯಮ್ಮ ಹದಿನೇಳು ವರ್ಷ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನಲ್ಲಿ ಶಾಲಾ ಬಸ್ಸು ಓಡಿಸಿದವರು. ಹಣೆಗೆ ಕುಂಕುಮ, ಮೈಮೇಲೆ ನೀಲಿ ಜಾಕೆಟ್ಟು, ಬೆಳಿಗ್ಗೆ ಐದೂವರೆಗೆಲ್ಲ ಡಿಪೊದಲ್ಲಿ ಹಾಜರು. ಅವರ ತಂದೆ ಹುಬ್ಬಳ್ಳಿಯಲ್ಲಿ ಬಸ್ ಡ್ರೈವರ್ ಆಗಿದ್ದರು. ಆದರೆ ಮಗಳು ಮೊದಲ ಸಲ ಸ್ಟಿಯರಿಂಗ್ ಹಿಡಿದದ್ದು ಮೂವತ್ತೆಂಟನೆಯ ವಯಸ್ಸಿಗೆ, ಗಂಡ ಹಾಲಪ್ಪನವರ ಜೊತೆ ಟೆಕ್ಸಾಸಿಗೆ ಬಂದ ಮೇಲೆ. ಹಾಲಪ್ಪನವರದು ನಗರದ ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಕೆಲಸ. ಇಡೀ ದಿನ ಗಾಜಿನ ನಳಿಕೆಗಳ ಜೊತೆ ಕಳೆಯುವ, ಹೆಚ್ಚು ಮಾತಾಡದ ಮನುಷ್ಯ.

2001ರಲ್ಲಿ ಇಬ್ಬರೂ ನಿವೃತ್ತರಾದರು. ಅದೇ ವರ್ಷ ಹಾಲಪ್ಪನವರಿಗೆ ಗ್ಲಾಕೋಮಾ ಇರುವುದು ಗೊತ್ತಾಯಿತು. ಬದಿಯ ನೋಟ ಆಗಲೇ ಅರ್ಧ ಹೋಗಿದೆ, ಉಳಿದದ್ದು ಎಷ್ಟು ವರ್ಷ ಉಳಿದೀತೆಂದು ಹೇಳುವುದು ಕಷ್ಟ ಎಂದರು ಡಾಕ್ಟರು. ಮನೆಗೆ ಬಂದು ಚಹಾ ಕುಡಿಯುತ್ತ ಹಾಲಪ್ಪ, "ಇಪ್ಪತ್ತೆರಡು ವರ್ಷ ಈ ದೇಶದಾಗ ಅದೀವಿ. ಕ್ಯಾರಲ್ಟನ್ ಬಿಟ್ರ ನಾ ಏನ್ ನೋಡೇನಿ?" ಎಂದರಂತೆ.

ಮೂರು ತಿಂಗಳಲ್ಲಿ ವಿಜಯಮ್ಮ ಮನೆ ಮಾರಿ ಹಳೆಯದೊಂದು ಕ್ಯಾರವಾನ್ ಕೊಂಡರು. ಮಿನಿಬಸ್ಸಿನಷ್ಟು ಉದ್ದ, ಒಳಗೆ ಮಂಚ, ಒಲೆ, ಪಾಯಿಖಾನೆ ಎಲ್ಲ ಇದ್ದ ಗಾಡಿ. ಹತ್ತಿರದ ಕಾಪೆಲ್‌ನಲ್ಲಿದ್ದ ಮಗಳು ತೃಪ್ತಿಗೆ ದಿಗಿಲಾಯಿತು. ಅವಳ ಮನೆಯ ಮುಂದೆ ಗಾಡಿ ನಿಲ್ಲಿಸಿದ ಎರಡನೆಯ ದಿನವೇ ಬಡಾವಣೆಯ ಸಂಘದಿಂದ ಪತ್ರ ಬಂತು: ಇಂಥ ವಾಹನ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲಬಾರದು. ವಿಜಯಮ್ಮ ಪತ್ರವನ್ನು ಮಡಿಚಿಟ್ಟು ಅವತ್ತೇ ಹೊರಟರು.

ನಾನು ಅವರನ್ನು ಮೊದಲು ಕಂಡದ್ದು 2002ರಲ್ಲಿ, ಹ್ಯೂಸ್ಟನ್ನಿನ ಕನ್ನಡಿಗರ ದೀಪಾವಳಿ ಊಟದಲ್ಲಿ. ನಿವೃತ್ತಿಯ ಮೇಲೆ ಮನೆಯಿಲ್ಲದೆ ಅಲೆಯುವ ದಂಪತಿ ಎಂದು ಕೆಲವರು ಮರೆಯಲ್ಲಿ ನಗುತ್ತಿದ್ದರು. ನನ್ನ ಹೆಂಡತಿ ರಮಾ ನೇರವಾಗಿ ಕೇಳಿಯೇಬಿಟ್ಟಳು: "ಆಂಟಿ, ಭಯ ಆಗಲ್ವಾ?"

"ಅರವತ್ತು ಹುಡುಗರನ್ನ ಹಿಂದ ಕೂಡಿಸ್ಕೊಂಡು ಮಂಜಿನಾಗ ಬಸ್ ಹೊಡದೇನವ್ವಾ. ಈಗ ಹಿಂದ ಕೂತಾಂವ ಒಬ್ಬನ. ಅಂವಾ ಗದ್ದಲಾನೂ ಮಾಡಂಗಿಲ್ಲ," ಎಂದರು ವಿಜಯಮ್ಮ. ಹೊರಡುವಾಗ ರಮಾಳ ಕೈಗೆ ತಮ್ಮ ಮೊಬೈಲ್ ನಂಬರ್ ಬರೆದುಕೊಟ್ಟರು.

ಮೂರು ವರ್ಷ ಅವರು ಸುತ್ತಿದರು. ಚಳಿಗಾಲದಲ್ಲಿ ಮಾತ್ರ ಒಂದೇ ಕಡೆ ತಂಗುತ್ತಿದ್ದರು. ಅದು ಹ್ಯೂಸ್ಟನ್ನಿಗೂ ಆಸ್ಟಿನ್ನಿಗೂ ನಡುವೆ ಹಾರ್ಲನ್ ಬೆಂಡ್ ಎಂಬ ಪುಟ್ಟ ಊರು. ಅಲ್ಲಿ ನದಿದಂಡೆಗೆ ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ಸೇರಿದ ಹುಲ್ಲುಗಾವಲಿತ್ತು. ನಲ್ಲಿಯಿಲ್ಲ, ದೀಪವಿಲ್ಲ, ಬಾಡಿಗೆಯೂ ಇಲ್ಲ. ಪೀಕನ್ ಮರಗಳ ಕೆಳಗೆ ಇಪ್ಪತ್ತು ಮೂವತ್ತು ಕ್ಯಾರವಾನ್‌ಗಳು ವಾರಗಟ್ಟಲೆ ನಿಂತಿರುತ್ತಿದ್ದವು. ಎಲ್ಲವೂ ನಿವೃತ್ತರ ಗಾಡಿಗಳೇ. ಬೆಳಿಗ್ಗೆ ಒಬ್ಬರ ಕಾಫಿ, ಸಂಜೆ ಇನ್ನೊಬ್ಬರ ಗಿಟಾರು. ಹಾಲಪ್ಪ ಮಡಚುವ ಕುರ್ಚಿಯಲ್ಲಿ ಕೂತು ನೀರನ್ನು ನೋಡುತ್ತಿದ್ದರು. ವಿಜಯಮ್ಮನ ಜೋಳದ ರೊಟ್ಟಿಗೆ ಅಲ್ಲಿ ಗಿರಾಕಿಗಳು ಬಹಳ.

ರಸ್ತೆಯ ಆಚೆ ಬದಿಗೆ ಡಾರ್ಲೀನ್ ಎಂಬಾಕೆಯ ಕ್ಯಾರವಾನ್ ಪಾರ್ಕು. ವಿದ್ಯುತ್ತು, ನೀರು, ಬಟ್ಟೆ ಒಗೆಯುವ ಯಂತ್ರ, ಸಣ್ಣ ಈಜುಕೊಳ ಎಲ್ಲ ಇದ್ದ, ದಿನಬಾಡಿಗೆಯ ಜಾಗ. ಅದನ್ನು ಆಕೆ ಮತ್ತು ಆಕೆಯ ಗಂಡ ಸೇರಿ ಕಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಬಿಟ್ಟಿ ಬಯಲಿನವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

ಒಂದು ದಿನ ವಿಜಯಮ್ಮ ಗಾಡಿಯ ಕೊಳಚೆ ಟ್ಯಾಂಕ್ ಖಾಲಿ ಮಾಡಿಸಲು ಆ ಪಾರ್ಕಿಗೆ ಹೋದರು. ಡಾರ್ಲೀನ್ ಬಾಗಿಲಿಗೆ ಅಡ್ಡ ನಿಂತಳು.

"ಮಲಗುವುದು ಅಲ್ಲಿ, ಕೊಳಕು ಸುರಿಯುವುದು ಇಲ್ಲಿ. ಅಲ್ಲವೆ?"

"ಸುರಿಯುವುದಕ್ಕೆ ಏನಾಗುತ್ತದೋ ಕೊಡುತ್ತೇನೆ," ಎಂದರು ವಿಜಯಮ್ಮ.

"ನನ್ನ ನಲವತ್ತು ಜಾಗಗಳಲ್ಲಿ ಇಪ್ಪತ್ತೆಂಟು ಖಾಲಿ. ಅಲ್ಲಿ ಇರಬೇಕಾದವರೆಲ್ಲ ಎಲ್ಲಿದ್ದಾರೆ ಅಂತ ಈ ಕಿಟಕಿಯಿಂದಲೇ ಕಾಣುತ್ತದೆ ನನಗೆ. ಬೇರೆ ಕಡೆ ಹೋಗಿ."

ಮುಂದಿನ ಅಂಥ ಜಾಗ ನಲವತ್ತು ಮೈಲಿ ದೂರ. ದಾರಿಯಲ್ಲಿ ಹಾಲಪ್ಪ, "ಆಕಿ ಹೇಳಿದ್ದು ಸುಳ್ಳಲ್ಲ," ಎಂದರು.

"ಸುಳ್ಳಲ್ಲರಿ. ಆದ್ರ ಈಜುಕೊಳ ಬ್ಯಾಡಂದಿದ್ದು ನಮ್ಮ ತಪ್ಪೇನು?" ಎಂದು ವಿಜಯಮ್ಮ ಗೇರು ಬದಲಿಸಿದರು.

2005ರ ಫೆಬ್ರವರಿಯ ಒಂದು ಮುಂಜಾನೆ ವಿಜಯಮ್ಮ ಹಲ್ಲುಜ್ಜುತ್ತ ನದಿಯ ಕಡೆ ಹೋದಾಗ, ವೇನ್ ಎಂಬಾತ ತನ್ನ ಗಾಡಿಯ ಟ್ಯಾಂಕಿಗೆ ಪೈಪು ಹಚ್ಚಿ ಕೊಳಚೆಯನ್ನೆಲ್ಲ ಇಳಿಜಾರಿಗೆ ಬಿಡುತ್ತಿದ್ದ. ವೇನ್ ಬೇರೆಯವನಲ್ಲ. ತೈಲ ಬಾವಿಗಳಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತನಾದವನು. ಇವರ ಜನರೇಟರ್ ಕೆಟ್ಟಾಗ ಎರಡು ದಿನ ಕೂತು ಸರಿಮಾಡಿಕೊಟ್ಟವನು. ಸಂಜೆಯ ಗಿಟಾರು ಅವನದೇ.

"ವೇನ್, ಕೆಳಗಿನ ಊರಿನವರು ಈ ನೀರು ಕುಡಿಯುತ್ತಾರೆ."

"ನದಿ ದೊಡ್ಡದು, ವಿಜಯಾ. ಡಾರ್ಲೀನ್ ಒಳಗೆ ಬಿಡುವುದಿಲ್ಲ. ಪ್ರತಿ ವಾರ ನಲವತ್ತು ಮೈಲಿ ಹೋಗಿಬರಲು ನನ್ನ ಪಿಂಚಣಿ ಸಾಲದು. ನೀನೇನೂ ನೋಡಲಿಲ್ಲ, ಆಯಿತೆ?"

ವಿಜಯಮ್ಮ ನೇರ ತಮ್ಮ ಗಾಡಿಗೆ ಮರಳಿದರು. ಹಾಲಪ್ಪನವರಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. ಜೀವನವಿಡೀ ನೀರು ಪರೀಕ್ಷಿಸಿದ ಮನುಷ್ಯ ಅವರು. ಗಂಡ ಹೆಂಡತಿ ಊರಿನ ಅಂಗಡಿಯಿಂದ ಸುಣ್ಣದ ಎರಡು ಚೀಲ ತಂದು, ಸಲಿಕೆ ಹಿಡಿದು ಆ ಇಳಿಜಾರನ್ನೆಲ್ಲ ಮುಚ್ಚಿದರು. ಮಧ್ಯಾಹ್ನವಾಯಿತು. ಬಯಲಿನವರು ನೋಡಿದರು. ನೋಡಿ ತಮ್ಮ ತಮ್ಮ ಗಾಡಿ ಹತ್ತಿದರು.

ವಾಸನೆ ರಸ್ತೆಯಾಚೆಗೂ ಹೋಗಿತ್ತು. ಡಾರ್ಲೀನ್ ದೂರು ಕೊಟ್ಟಳು. ಮಾರ್ಚಿನಲ್ಲಿ ಕೌಂಟಿಯವರು ಸಭೆ ಕರೆದರು. ಹಿಂದಿನ ದಿನ ಬಯಲಿನವರೆಲ್ಲ ಸೇರಿ ಒಂದೇ ಮಾತು ಹೇಳುವುದೆಂದು ತೀರ್ಮಾನಿಸಿದ್ದರು: ನಾವು ಅಂಥ ಕೆಲಸ ಮಾಡಿಲ್ಲ, ಪಾರ್ಕಿನವಳು ಹೊಟ್ಟೆಕಿಚ್ಚಿಗೆ ಕಥೆ ಕಟ್ಟುತ್ತಿದ್ದಾಳೆ. ಸಭೆಯಲ್ಲಿ ಆರು ಜನ ಹಾಗೇ ಹೇಳಿದರು. ಏಳನೆಯವರಾಗಿ ವಿಜಯಮ್ಮ ಎದ್ದರು.

"ನಮ್ಮವರೊಬ್ಬರು ಮಾಡಿದ್ದು ನಿಜ. ನಾನು ನೋಡಿದ್ದೇನೆ. ಹೆಸರು ಹೇಳುವುದಿಲ್ಲ. ಆದರೆ ಈ ಹೆಂಗಸು ಸುಳ್ಳು ಹೇಳುತ್ತಿಲ್ಲ," ಎಂದರು. ಆಮೇಲೆ ಕೌಂಟಿಯ ಮಂಡಳಿಯವರ ಕಡೆ ತಿರುಗಿ ಕೇಳಿಕೊಂಡರು: ಬಯಲು ಮುಚ್ಚಬೇಡಿ. ಇಷ್ಟೇ ದಿನ ಎಂದು ಮಿತಿ ಹಾಕಿ. ಟ್ಯಾಂಕ್ ಖಾಲಿ ಮಾಡಲು ಹತ್ತಿರದಲ್ಲಿ ಜಾಗ ಕೊಡಿಸಿ. ಜಾಗವಿಲ್ಲದ್ದಕ್ಕೇ ಇಂಥದ್ದು ಆಗುತ್ತದೆ.

ಮಂಡಳಿಯವರು ಮೊದಲ ಮಾತನ್ನಷ್ಟೇ ಬರೆದುಕೊಂಡರು. ಒಂದು ವಾರದಲ್ಲಿ ಬಯಲಿನ ಗೇಟಿಗೆ ಸರಪಳಿ ಬಿತ್ತು. ಅಲ್ಲಿನ ಹುಲ್ಲು ಕತ್ತರಿಸಲು ಡಾರ್ಲೀನಳ ಟ್ರಾಕ್ಟರು ಬೇಕಿದ್ದರಿಂದ ಬೀಗದ ಕೈ ಆಕೆಯ ಬಳಿ ಉಳಿಯಿತು.

ಬಯಲು ಖಾಲಿ ಮಾಡುವ ದಿನ ಎಲ್ಲರೂ ವಿಜಯಮ್ಮನಿಂದ ದೂರ ಸರಿದರು. ಮೂರು ಚಳಿಗಾಲ ಅವರ ರೊಟ್ಟಿ ತಿಂದ ಹೆಂಗಸೊಬ್ಬಳು, "ನಿನ್ನ ಒಂದು ಮಾತಿನಿಂದ ನಮ್ಮೆಲ್ಲರ ನೆಲೆ ಹೋಯಿತು," ಎಂದು ಹೇಳಿ ಗಾಡಿ ಹತ್ತಿದಳು. ವೇನ್ ತಿರುಗಿಯೂ ನೋಡಲಿಲ್ಲ. ಆಮೇಲೆಯೂ ಅವನು ಅವರನ್ನು ಎಂದೂ ಮಾತಾಡಿಸಲಿಲ್ಲ. ಆ ದಿನ ವಿಜಯಮ್ಮ ಊಟ ಮಾಡಲಿಲ್ಲವೆಂದು ಹಾಲಪ್ಪ ನನಗೆ ಹೇಳಿದ್ದಾರೆ.

ಎಲ್ಲರೂ ಹೋದ ಮೇಲೆ ಡಾರ್ಲೀನ್ ರಸ್ತೆ ದಾಟಿ ಬಂದಳು. "ಹನ್ನೆರಡನೆಯ ಜಾಗ ಖಾಲಿ ಇದೆ. ನೆರಳಿದೆ. ಬೇಕಿದ್ದರೆ ಇರಿ," ಎಂದಳು.

"ಬಾಡಿಗೆ ಕೊಡುತ್ತೇನೆ."

"ಕೊಡಲೇಬೇಕು," ಎಂದಳು ಡಾರ್ಲೀನ್.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ರೀಟಾ ಚಂಡಮಾರುತ ಹ್ಯೂಸ್ಟನ್ ಕಡೆಗೆ ಬರುತ್ತಿದೆ ಎಂದಾಯಿತು. ಹಿಂದಿನ ತಿಂಗಳಷ್ಟೇ ನ್ಯೂ ಆರ್ಲಿಯನ್ಸ್ ಮುಳುಗಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದರು. ಇಡೀ ನಗರ ಒಟ್ಟಿಗೇ ಹೊರಟಿತು. ನಾನು, ರಮಾ, ನಾಲ್ಕು ವರ್ಷದ ಮಗಳು ದಿಯಾ ಗುರುವಾರ ಬೆಳಗಿನ ಜಾವ ಕಾರು ಹತ್ತಿದೆವು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದ ಗೆಳೆಯ ಸುಧೀಂದ್ರನ ಮನೆ ಮೂರು ಗಂಟೆಯ ದಾರಿ. ಮಧ್ಯಾಹ್ನ ಹನ್ನೆರಡಾದರೂ ನಾವು ಅರ್ಧ ದಾರಿ ತಲುಪಿರಲಿಲ್ಲ. ಬಂಕುಗಳಲ್ಲಿ ಪೆಟ್ರೋಲ್ ಮುಗಿದಿತ್ತು. ಇದ್ದದ್ದನ್ನು ಉಳಿಸಲು ಏಸಿ ಆರಿಸಿದ್ದೆ. ಹೊರಗೆ ಸುಡುವ ಬಿಸಿಲು. ರಸ್ತೆಯ ಪಕ್ಕ ಕೆಟ್ಟು ನಿಂತ ಗಾಡಿಗಳು, ಅವುಗಳ ನೆರಳಲ್ಲಿ ಮುದುಕರು. ದಿಯಾ ಅಳುವುದನ್ನು ನಿಲ್ಲಿಸಿ ಸುಮ್ಮನೆ ಮಲಗಿದಾಗ ರಮಾಗೆ ಹೆದರಿಕೆಯಾಯಿತು. "ವಿಜಯಮ್ಮ ಆಂಟಿ ಇಲ್ಲೇ ಎಲ್ಲೋ ಇರ್ತಾರಲ್ವಾ?" ಎಂದು ಫೋನ್ ಹಚ್ಚಿದಳು. ಲೈನು ಸಿಕ್ಕಿದ್ದು ಒಂಬತ್ತನೆಯ ಸಲಕ್ಕೆ.

"ಎಲ್ಲಿದ್ದೀರಿ? ಎಡಕ್ಕ ನೀರಿನ ಟ್ಯಾಂಕ್ ಕಂಡ್ರ ಹೈವೇ ಬಿಟ್ಟು ಇಳೀರಿ. ಹೆದರಬ್ಯಾಡ್ರಿ, ಬರ್ರಿ," ಎಂದು ಅವರು ದಾರಿ ಹೇಳಿದರು.

ನಾವು ಹಾರ್ಲನ್ ಬೆಂಡ್ ತಲುಪಿದಾಗ ಎರಡು ಗಂಟೆ. ಡಾರ್ಲೀನಳ ಪಾರ್ಕು ಭರ್ತಿಯಾಗಿ, ಒಂದೊಂದು ಜಾಗದಲ್ಲಿ ಮೂರು ಮೂರು ಗಾಡಿಗಳಿದ್ದವು. ರಸ್ತೆಯುದ್ದಕ್ಕೂ ಕ್ಯಾರವಾನ್‌ಗಳು, ಕಾರುಗಳು, ವೃದ್ಧಾಶ್ರಮವೊಂದರ ವ್ಯಾನು. ಎದುರಿಗೇ ಇಡೀ ಬಯಲು ಖಾಲಿ, ಗೇಟಿಗೆ ಸರಪಳಿ. ವಿಜಯಮ್ಮ ನಮ್ಮ ಕೈಗೆ ನೀರು ಕೊಟ್ಟು, ದಿಯಾಳನ್ನು ಒಳಗೆ ಹಾಲಪ್ಪನವರ ಪಕ್ಕ ಫ್ಯಾನಿನ ಕೆಳಗೆ ಮಲಗಿಸಿ, ನೇರ ಡಾರ್ಲೀನಳ ಕಚೇರಿಗೆ ಹೋದರು. ನಾನೂ ಹಿಂದೆ ಹೋದೆ.

"ಕೌಂಟಿಯವರಿಗೆ ಹತ್ತು ಸಲ ಫೋನ್ ಮಾಡಿದೆ. ಯಾರೂ ಎತ್ತುತ್ತಿಲ್ಲ. ಬೀಗದ ಕೈ ಕೊಡು," ಎಂದರು.

ಡಾರ್ಲೀನ್ ಕುರ್ಚಿಯಿಂದ ಏಳಲಿಲ್ಲ. "ಒಂದು ಸಲ ತೆರೆದರೆ ಅದನ್ನು ಮತ್ತೆ ಮುಚ್ಚುವುದಿಲ್ಲ, ವಿಜಯಾ. ನನಗೆ ಗೊತ್ತು. ಈ ಬೇಸಿಗೆಯಲ್ಲಿ ಮೊದಲ ಸಲ ನನ್ನ ಪಾರ್ಕು ಉಸಿರಾಡಿದೆ."

"ಆಗಬಹುದು. ಇಲ್ಲವೆನ್ನುವುದಿಲ್ಲ. ಆ ವ್ಯಾನಿನಲ್ಲಿ ಹನ್ನೊಂದು ಜನ ಇದ್ದಾರೆ. ಒಬ್ಬರಿಗೆ ಆಮ್ಲಜನಕದ ಯಂತ್ರ. ನೀನೇ ಒಂದು ಸಲ ಹೊರಗೆ ಬಂದು ನೋಡು. ಆಮೇಲೆ ಏನು ಹೇಳುತ್ತೀಯೋ ಹೇಳು."

ಡಾರ್ಲೀನ್ ಎದ್ದು ಬಾಗಿಲವರೆಗೆ ಬಂದಳು. ಸ್ವಲ್ಪ ಹೊತ್ತು ರಸ್ತೆಯನ್ನು ನೋಡಿದಳು. ಮತ್ತೆ ಒಳಗೆ ಹೋಗಿ ಮೊಳೆಯಿಂದ ಬೀಗದ ಕೈ ತೆಗೆದು ತಂದು, ತಾನೇ ಗೇಟಿನ ಕಡೆ ನಡೆದಳು.

ಮುಂದಿನ ಮೂರು ಗಂಟೆ ನಾನು ಕಂಡದ್ದನ್ನು ಮರೆಯಲಾರೆ. ಅರವತ್ತನಾಲ್ಕು ವರ್ಷದ ವಿಜಯಮ್ಮ ಬಯಲಿನ ನಡುವೆ ನಿಂತು, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಎರಡೂ ಕೈಯಿಂದ ಗಾಡಿಗಳನ್ನು ಕರೆದರು. ಯಾವ ಗಾಡಿಯೂ ಇನ್ನೊಂದರ ದಾರಿಗೆ ಅಡ್ಡವಾಗದಂತೆ ಓರೆಸಾಲಿನಲ್ಲಿ ನಿಲ್ಲಿಸಿದರು. ದೊಡ್ಡ ಗಾಡಿಗಳು ಹೊರಸುತ್ತಿನಲ್ಲಿ, ಕಾರುಗಳು ಅವುಗಳ ನೆರಳಿನಲ್ಲಿ. ವ್ಯಾನನ್ನು ಡಾರ್ಲೀನಳ ವಿದ್ಯುತ್ ಕಂಬದ ಪಕ್ಕಕ್ಕೆ ತರಿಸಿದರು. ಹಿಮ್ಮುಖವಾಗಿ ಓಡಿಸಲು ಬಾರದ ಒಬ್ಬ ಮುದುಕನನ್ನು ಇಳಿಸಿ, ತಾವೇ ಹತ್ತಿ, ನಲವತ್ತು ಅಡಿಯ ಗಾಡಿಯನ್ನು ಒಂದೇ ಸಲಕ್ಕೆ ಎರಡು ಮರಗಳ ನಡುವೆ ಕೂರಿಸಿದರು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಅವರಿಗೆ ಅದನ್ನು ಕೇಳಲೂ ಪುರುಸೊತ್ತಿರಲಿಲ್ಲ.

ಒಟ್ಟು ಅರವತ್ತಮೂರು ಗಾಡಿಗಳು. ಡಾರ್ಲೀನ್ ರಸ್ತೆಯ ಮೇಲಿಂದ ನೀರಿನ ಪೈಪು ಎಳೆದಳು. ತನ್ನ ಕೊಳಚೆ ಗುಂಡಿಯ ಮುಚ್ಚಳ ತೆಗೆದು ಎಲ್ಲರಿಗೂ ಬಿಟ್ಟಳು. ಹಾಲಪ್ಪ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಒಳಗೆ ಬಂದ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು: ನದಿಗೆ ಏನೂ ಹೋಗಕೂಡದು.

ರೀಟಾ ಕೊನೆಗಳಿಗೆಯಲ್ಲಿ ಪೂರ್ವಕ್ಕೆ ತಿರುಗಿತು. ನಾವು ಅಲ್ಲಿ ಮೂರು ದಿನ ಇದ್ದೆವು. ಭಾನುವಾರ ಗಾಡಿಗಳು ಒಂದೊಂದಾಗಿ ಹೋದ ಮೇಲೆ, ವಿಜಯಮ್ಮನೂ ಡಾರ್ಲೀನೂ ಬಯಲಿನ ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. ಸಿಕ್ಕಿದ್ದು ಮಕ್ಕಳ ಒಂದು ಚಪ್ಪಲಿ, ಕೆಲವು ಬಾಟಲಿಗಳು.

ಡಾರ್ಲೀನ್ ಹೆದರಿದ್ದು ನಿಜವಾಯಿತು. ಗೇಟನ್ನು ಶಾಶ್ವತವಾಗಿ ಮುಚ್ಚಲು ಊರಿನವರು ಒಪ್ಪಲಿಲ್ಲ. 2006ರಲ್ಲಿ ಕೌಂಟಿಯವರು ಮತ್ತೆ ಸಭೆ ಸೇರಿಸಿ ಬಯಲನ್ನು ತೆರೆದರು. ಆದರೆ ಈ ಸಲ ನಿಯಮಗಳಿದ್ದವು. ಯಾರೂ ಮೂರು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ. ಟ್ಯಾಂಕ್ ಇಲ್ಲದ ಗಾಡಿಗೆ ಪ್ರವೇಶವಿಲ್ಲ. ಕೊಳಚೆಯನ್ನು ಡಾರ್ಲೀನಳ ಪಾರ್ಕಿನಲ್ಲೇ ಖಾಲಿ ಮಾಡಬೇಕು, ಅದಕ್ಕೆ ಕೌಂಟಿ ಆಕೆಗೆ ವರ್ಷಕ್ಕಿಷ್ಟೆಂದು ಕೊಡುತ್ತದೆ. ಬಯಲನ್ನು ನೋಡಿಕೊಳ್ಳಲು ವಿಜಯಮ್ಮನನ್ನು ಕೇಳಿದರು. ಅವರು ಒಪ್ಪಿದರು. ಮೂರು ರಾತ್ರಿ ಬಯಲಿನಲ್ಲಿ ಇದ್ದವರು ನಾಲ್ಕನೆಯದಕ್ಕೆ ಹೆಚ್ಚಾಗಿ ರಸ್ತೆ ದಾಟುತ್ತಿದ್ದರು, ಬಟ್ಟೆ ಒಗೆಯಲಾದರೂ.

2008ರ ಹೊತ್ತಿಗೆ ಹಾಲಪ್ಪನವರಿಗೆ ಬೆಳಕು ಮಾತ್ರ ತಿಳಿಯುತ್ತಿತ್ತು. ಹನ್ನೆರಡನೆಯ ಜಾಗದಿಂದ ನದಿಯವರೆಗೆ ಒಬ್ಬರೇ ನಡೆದು ಹೋಗಿಬರುತ್ತಿದ್ದರು, ದಾರಿಯ ಪ್ರತಿ ಏರಿಳಿತ ಕಾಲಿಗೆ ಗೊತ್ತಿತ್ತು. ಕಾಪೆಲ್‌ಗೆ ಬಂದುಬಿಡಿ ಎಂದು ತೃಪ್ತಿ ಕರೆದಾಗ, "ಅಲ್ಲೆ ಗಾಡಿ ನಿಲ್ಲಸಾಕ ಜಾಗಾ ಎಲ್ಲೈತಿ?" ಎಂದು ನಕ್ಕುಬಿಟ್ಟರು.

ಮರುವರ್ಷ ನಾವು ಹೋದಾಗ ವಿಜಯಮ್ಮ ಊರಲ್ಲಿರಲಿಲ್ಲ. ಪಕ್ಕದ ಕೌಂಟಿಯಲ್ಲೂ ಇಂಥದೇ ಜಗಳ ಎದ್ದು, ಅಲ್ಲಿನ ಸಭೆಗೆ ಅವರನ್ನೂ ಡಾರ್ಲೀನಳನ್ನೂ ಕರೆಸಿದ್ದರು. ಸಂಜೆ ಡಾರ್ಲೀನಳ ಟ್ರಕ್ಕು ಬಂತು. ಕಿಟಕಿಯಿಂದಲೇ ದನಿಗಳು ಕೇಳುತ್ತಿದ್ದವು. ಅಲ್ಲಿನವರಿಗೆ ಎರಡು ರಾತ್ರಿ ಸಾಕು ಎಂದು ಡಾರ್ಲೀನ್ ಹೇಳಿದ್ದಳಂತೆ. ವಿಜಯಮ್ಮ ಐದು ಬೇಕೆಂದಿದ್ದರಂತೆ.

"ಹೋಗೋಮುಂದನೂ ಇದ ಜಗಳಾ," ಎಂದರು ಹಾಲಪ್ಪ, ಟ್ರಕ್ಕಿನ ಸದ್ದಿನ ಕಡೆ ಮುಖ ತಿರುಗಿಸಿ. "ಕಡೀಕ ನಾಕು ಅಂತ ಬರಕೊಟ್ಟು ಬಂದಿರ್ತಾರ, ನೋಡ್ರಿ."