ಮಡಚಿಟ್ಟ ಎರಡು ಸಾಲು

ಆಲ್ಡರ್ ಫಾಲ್ಸ್‌ನಲ್ಲಿ ನಲವತ್ತು ವರ್ಷದೊಳಗಿನ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಿ, ಐದು ಸಾಲಿನ ಪದ್ಯ ಬರೆಯುವುದು ಹೇಗೆಂದು ಹೇಳಿಬಿಡುತ್ತಾರೆ. ಮೊದಲ ಸಾಲಿಗೆ ಒಂದೇ ಪದ, ಯಾರ ಬಗ್ಗೆ ಅಂತ. ಎರಡಕ್ಕೆ ಎರಡು, ಅವರು ಹೇಗಿದ್ದಾರೆ ಅಂತ. ಮೂರಕ್ಕೆ ಮೂರು, ಏನು ಮಾಡುತ್ತಾರೆ ಅಂತ. ನಾಲ್ಕಕ್ಕೆ ನಾಲ್ಕು, ನಿಮಗೇನು ಅನ್ನಿಸುತ್ತದೆ ಅಂತ. ಕೊನೆಗೆ ಮತ್ತೆ ಒಂದೇ ಪದ, ಅವರ ಹೆಸರು. ಮರದ ಲಾರಿ ಓಡಿಸುವವನೂ ಹೇಳುತ್ತಾನೆ, ಪೆಟ್ರೋಲ್ ಬಂಕಿನವಳೂ ಹೇಳುತ್ತಾಳೆ. ಹೇಳುವಾಗ ಬೆರಳು ಮಡಚುತ್ತಾರೆ. ಆ ಬೆರಳು ಮಡಚುವುದನ್ನು ಕಲಿಸಿದವಳು ಮೂರನೇ ತರಗತಿಯ ವರ್ನಾ ಥಿಬೊಡೊ.

ಮೂವತ್ತೊಂದು ವರ್ಷದಿಂದ ಅವಳದು ಅದೇ ಕೋಣೆ. ಏಪ್ರಿಲ್ ಬಂತೆಂದರೆ ಹಿಮ ಕರಗಿ ಊರೆಲ್ಲ ಕೆಸರು. ಮಕ್ಕಳ ಬೂಟುಗಳು ಬಾಗಿಲಾಚೆ ಸಾಲುಗಟ್ಟುತ್ತವೆ, ಒಳಗೆ ಪದ್ಯದ ತಿಂಗಳು ಶುರುವಾಗುತ್ತದೆ. ಮೊದಲ ವಾರ ಹೆಸರಿನ ಅಕ್ಷರಗಳನ್ನು ಮೇಲಿಂದ ಕೆಳಗೆ ಬರೆದು ಒಂದೊಂದಕ್ಕೂ ಒಂದು ಸಾಲು ಕಟ್ಟುವುದು. ಎರಡನೇ ವಾರ ಚಪ್ಪಾಳೆ ತಟ್ಟಿ ಎಣಿಸುವ ಜಪಾನಿನ ಮೂರು ಸಾಲಿನ ಹೈಕು. ಮೂರನೇ ವಾರ ಮೀನಿನ ಬಗ್ಗೆ ಮೀನಿನಾಕಾರದಲ್ಲಿ, ಮರದ ಬಗ್ಗೆ ಮರದಾಕಾರದಲ್ಲಿ. ಕೊನೆಯ ವಾರ ಐದು ಸಾಲಿನದು, ಮನೆಯವರೊಬ್ಬರ ಮೇಲೆ. ಅದನ್ನು ಶುದ್ಧವಾಗಿ ನಕಲು ಮಾಡಿಸಿ, ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ತಂದೆತಾಯಿಯರನ್ನು ಕರೆಸುತ್ತಿದ್ದಳು. ನಿಯಮದ ವಿಷಯದಲ್ಲಿ ಅವಳು ಜಪ್ಪಯ್ಯ ಅಂದರೂ ಬಗ್ಗುವವಳಲ್ಲ. ಮಳೆಯೂ ಹನಿ ಎಣಿಸಿಕೊಂಡೇ ಬರಬೇಕು ಅನ್ನುವ ಜಾತಿ. ಅವಳ ಗಂಡ ಲಿಯೊ, "ನಿನ್ ಹತ್ರ ಜಗಳ ಆಡೋದಾದ್ರೂ ಐದೇ ಸಾಲಲ್ಲಿ ಆಡ್ಬೇಕೇನೇ?" ಎಂದು ಕಾಲೆಳೆಯುತ್ತಿದ್ದ.

ಪ್ರತಿ ಬಗೆಯ ಪದ್ಯಕ್ಕೂ ಅವಳಲ್ಲಿ ಒಂದು ಸರಿಯಾದ ಹಾಳೆ, ಒಂದು ತಪ್ಪಿನ ಹಾಳೆ ಇರುತ್ತಿತ್ತು. ಐದು ಸಾಲಿನದಕ್ಕೆ ಅವಳ ತಪ್ಪಿನ ಹಾಳೆ ಇಪ್ಪತ್ತಾರು ವರ್ಷದಿಂದ ಒಂದೇ. ಯಾರ ಮನೆಯದೆಂದು ತಿಳಿಯಬಾರದೆಂದು, ಹೆಸರಿದ್ದ ಕೆಳಗಿನ ಭಾಗವನ್ನು ಹಿಂದಕ್ಕೆ ಮಡಚಿ ಬೋರ್ಡಿಗೆ ಚುಚ್ಚುತ್ತಿದ್ದಳು. ಕಾಣುತ್ತಿದ್ದದ್ದು ಮೇಲಿನ ಮೂರು ಸಾಲು ಮಾತ್ರ:

ಅಪ್ಪ
ಎತ್ತರದವನು, ಸುಮ್ಮನಿರುವವನು
ಕೂರುತ್ತಾನೆ, ಕೂರುತ್ತಾನೆ, ಕೂರುತ್ತಾನೆ

ಪಕ್ಕದಲ್ಲಿ ಅವಳದೇ ಕೆಂಪು ಶಾಯಿ: "ಒಂದೇ ಪದ ಮೂರು ಸಲ ಬೇಡ." ಅವಳು ಗಟ್ಟಿಯಾಗಿ ಓದುತ್ತಿದ್ದಳು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಪ್ರತಿ ವರ್ಷವೂ ಒಬ್ಬನಾದರೂ, "ಅವರಪ್ಪನ ಕುರ್ಚಿಗೆ ಗೋಂದು ಹಚ್ಚಿದ್ರಾ ಮಿಸೆಸ್ ಥಿಬೊಡೊ?" ಎಂದು ಕೇಳಿಯೇ ಕೇಳುತ್ತಿದ್ದ. ಅವಳೂ ನಗುತ್ತಿದ್ದಳು. ಆ ಸಾಲು ಆಟದ ಮೈದಾನಕ್ಕೆ ಹೋಯಿತು, ಅಲ್ಲಿಂದ ಊರಿಗೆ ಹೋಯಿತು. ಯಾರಾದರೂ ಕೆಲಸಕ್ಕೆ ಏಳದೆ ಕಾಫಿ ಹಿಡಿದು ಕೂತರೆ ಪಕ್ಕದವರು ರಾಗವಾಗಿ ಅದನ್ನೇ ಹೇಳುವರು. ಹಾಳೆ ಯಾರದೆಂದು ವರ್ನಾಳಿಗೆ ಎರಡು ವರ್ಷ ನೆನಪಿತ್ತು, ಆಮೇಲೆ ಮರೆತುಹೋಯಿತು.

ಈ ಏಪ್ರಿಲಿನ ಒಂದು ಗುರುವಾರ, ಮಕ್ಕಳೆಲ್ಲ ಹೋದ ಮೇಲೆ, ಕರ್ಟಿಸ್ ಮಿಶೋ ಬಾಗಿಲಲ್ಲಿ ಬಂದು ನಿಂತ. ಚಳಿಗೆ ಮನೆ ಬೆಚ್ಚಗಿಡುವ ಬಾಯ್ಲರ್‌ಗಳ ರಿಪೇರಿ ಮಾಡುವವನು, ಅವಳ ಹಳೆಯ ವಿದ್ಯಾರ್ಥಿ.

"ಬಾಯ್ಲರ್ ನೋಡೋಕ್ ಬಂದ್ಯೇನೋ? ಬೆಳಿಗ್ಗೆಯಿಂದ ಗೊರಗೊರ ಅಂತಿದೆ."

"ಇಲ್ಲ ಮಿಸೆಸ್ ಥಿಬೊಡೊ. ಅಪ್ಪ ಹೋದ್ರು, ಮಂಗಳವಾರ."

"ಕೇಳ್ದೆ ಕಣೋ. ನಾಳೆ ಬೀನ್ಸ್ ಬೇಯಿಸಿ ಕಳಿಸೋಣ ಅಂತಿದ್ದೆ."

"ಬೀನ್ಸ್ ಆಗ್ಲೇ ಏಳು ಪಾತ್ರೆ ಬಂದಿದೆ. ನಂಗೆ ಬೇರೆ ಏನೋ ಬೇಕಿತ್ತು." ಅವನು ಮಕ್ಕಳ ಕುರ್ಚಿಯೊಂದರಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತ. "ಶನಿವಾರ ಚರ್ಚಲ್ಲಿ ನಾನು ಓದ್ಬೇಕು. ಅಪ್ಪನ ಮೇಲೆ ಬರೆದಿದ್ನಲ್ಲ, ಆ ಪದ್ಯ ಬೇಕು."

ವರ್ನಾಳಿಗೆ ಹಿಗ್ಗಾಯಿತು. ಸುಳ್ಳೇಕೆ, ಇಂಥ ದಿನಕ್ಕಾಗಿಯೇ ಅವಳು ಶುದ್ಧ ನಕಲುಗಳನ್ನೆಲ್ಲ ವರ್ಷವಾರು ಕಟ್ಟಿ ಬೀರುವಿನಲ್ಲಿಟ್ಟಿದ್ದಳು. ಹುಡುಕಿ ತೆಗೆದು ಕೊಟ್ಟಳು. ಅದರ ಮೂರನೇ ಸಾಲು, "ದುಡಿಯುತ್ತಾನೆ, ನಗುತ್ತಾನೆ, ಓಡುತ್ತಾನೆ." ನಾಲ್ಕನೆಯದು, "ನನಗೆ ಅಪ್ಪ ಅಂದರೆ ಇಷ್ಟ."

ಕರ್ಟಿಸ್ ಅದನ್ನು ಓದಿ ವಾಪಸು ಕೊಟ್ಟ. "ಇದು ನಿಮ್ದು. ನಂದು ನಿಮ್ ಬೋರ್ಡ್ ಮೇಲಿದೆ."

ಅವಳು ತಿರುಗಿ ನೋಡಿದಳು. ಕೊನೆಯ ವಾರ ಆಗಲೇ ಶುರುವಾಗಿತ್ತು. ತಪ್ಪಿನ ಹಾಳೆ ಬೋರ್ಡಿನ ಮೇಲೆಯೇ ಇತ್ತು.

"ಆ ಚಳಿಗಾಲ ಕಾಗದದ ಕಾರ್ಖಾನೇಲಿ ಒಂದು ಮಷೀನ್ ನಿಲ್ಸಿದ್ರು, ಅಪ್ಪನ್ನ ಮನೆಗೆ ಕಳ್ಸಿದ್ರು," ಎಂದ ಕರ್ಟಿಸ್. "ಅಡುಗೆಮನೆ ಕಿಟಕಿ ಹತ್ರ ಒಂದು ಕುರ್ಚಿ. ಬೆಳಿಗ್ಗೆ ಕೂತ್ರೆ ಕತ್ತಲಾಗೋವರ್ಗೂ ಅಲ್ಲೇ. ಏನ್ಮಾಡ್ತಾರೆ ಅಂತ ನೀವು ಕೇಳಿದ್ರಿ. ನಾನು ನೋಡಿದ್ದನ್ನ ಬರೆದೆ. ಮೂರು ಪದ ಬೇರೆಬೇರೆ ಬೇಕು ಅಂದ್ರಿ, ನೀವೇ ಹೇಳ್ಕೊಟ್ರಿ."

"ಹೌದು, ಅದು ನಿಯಮ..." ಎಂದಳು ವರ್ನಾ.

"ಪದ್ಯ ಹಗ್ಗಕ್ಕೆ ಸಿಕ್ಸಿದ ಸಂಜೆ ಅಪ್ಪ ಇಸ್ತ್ರಿ ಮಾಡಿದ ಷರ್ಟ್ ಹಾಕ್ಕೊಂಡು ಬಂದಿದ್ರು. ಊರೋರೆಲ್ಲ ಸುತ್ತ ನಿಂತಿದ್ರು, ಅವರ ಕೆಲಸ ಹೋಗಿದ್ದು ಎಲ್ರಿಗೂ ಗೊತ್ತು. ಆ ಹಾಳೇಲಿ ದುಡಿಯುತ್ತಾನೆ ಅಂತ ಇದ್ದದ್ದನ್ನ ಅಪ್ಪ ಓದಿದ್ರು. ಟೋಪಿ ಹಾಕ್ಕೊಂಡು ಹೋಗಿ ಟ್ರಕ್ಕಲ್ಲಿ ಕೂತ್ರು. ಮನೆಗ್ ಹೋಗ್ತಾ ಕೇಳಿದ್ದು ಒಂದೇ ಮಾತು. ನನ್ನನ್ನ ಆಡ್ಕೊಂಡ್ಯಾ ಮಗನೆ, ಅಂತ. ಆಮೇಲೆ ನಾನು ಓದೋದು ಮುಗಿಯೋವರ್ಗೂ ಅವರು ಸ್ಕೂಲ್ ಕಡೆ ಕಾಲಿಡ್ಲಿಲ್ಲ."

"ಟೀಚರ್ ಬರೆಸಿದ್ದು ಅಂತ ಹೇಳ್ಬಾರ್ದಿತ್ತೇನೋ?"

"ಹೇಳಿದ್ರೆ, ಹಾಗಾದ್ರೆ ನೀನು ಬರೆದಿದ್ದೇನು ಅಂತ ಕೇಳ್ತಿದ್ರು. ಮುಂದಿನ್ ವರ್ಷದಿಂದ ಮೈದಾನದಲ್ಲಿ ಎಲ್ಲಾ ಅದನ್ನೇ ಹಾಡೋಕ್ ಶುರುಮಾಡಿದ್ರು. ನಾನೂ ಅವರ್ ಜೊತೆ ಹಾಡ್ದೆ. ಹಾಡದಿದ್ರೆ ನಂದು ಅಂತ ಗೊತ್ತಾಗ್ಬಿಡ್ತಿತ್ತಲ್ಲ."

ವರ್ನಾ ಎದ್ದು ಹೋಗಿ ಗುಂಡುಪಿನ್ನು ಕಿತ್ತಳು. ಮಡಿಕೆ ಬಿಚ್ಚುವಾಗ ಹಳೆಯ ಕಾಗದ ಅಂಚಿನಲ್ಲಿ ಸ್ವಲ್ಪ ಹರಿಯಿತು. ಅವಳು ಆ ಭಾಗವನ್ನು ನೋಡಿ ಇಪ್ಪತ್ತಾರು ವರ್ಷವಾಗಿತ್ತು. ಪೆನ್ಸಿಲಿನ ಎರಡು ಸಾಲಿದ್ದವು:

ನಾನೂ ಪಕ್ಕದಲ್ಲಿ ಹೋಗಿ ಕೂರುತ್ತೇನೆ
ಆರ್ಮಾಂಡ್

ಅದರ ಮುಂದೆ ಅವಳ ದುಂಡು ಕೆಂಪಕ್ಷರ: "ಭಾವನೆ ಎಲ್ಲಿ?"

ಅವಳಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. ಆ ಕೆಂಪಕ್ಷರ ಬರೆದಾಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ, ಮೂವತ್ತು ಹಾಳೆ ತಿದ್ದುವ ಗಡಿಬಿಡಿ. ಆದರೆ ಆಮೇಲೂ ಇಪ್ಪತ್ತಾರು ಏಪ್ರಿಲ್ ಬಂದು ಹೋದವು. ಒಂದು ಸಲ ಮಡಿಕೆ ಬಿಚ್ಚಿದ್ದರೆ ಸಾಕಿತ್ತು.

"ತಪ್ಪಾಯ್ತು ಕಣೋ ಕರ್ಟಿಸ್," ಎಂದಳು. "ಬೇರೆ ಹಾಳೇಲಿ ಚೆನ್ನಾಗಿ ಬರೆದು ಕೊಡ್ತೀನಿ ಇರು, ಈ ಕೆಂಪೆಲ್ಲ ಇಲ್ದೆ."

"ಬೇಡ. ಇನ್ನೊಂದು ಸಲ ನಕಲು ಬೇಡ ಮಿಸೆಸ್ ಥಿಬೊಡೊ. ಇದೇ ಕೊಡಿ."

ಹಾಳೆಯನ್ನು ಕೋಟಿನೊಳಗಿಟ್ಟುಕೊಂಡು ಹೊರಟವನು, ಕೆಳಗಿಳಿದು ಬಾಯ್ಲರನ್ನೂ ನೋಡಿ ಸರಿಮಾಡಿಯೇ ಹೋದ.

ಶನಿವಾರ ಚರ್ಚಿಗೆ ಹೋಗುವುದೋ ಬೇಡವೋ ಎಂದು ವರ್ನಾ ಬೆಳಿಗ್ಗೆಯಿಂದ ಒದ್ದಾಡಿದಳು. ಕರ್ಟಿಸ್ ಊರವರೆದುರು ಅವಳ ಹೆಸರೆತ್ತಿದರೆ ಗತಿಯೇನು? ಅಲ್ಲಿ ಕೂರುವವರಲ್ಲಿ ಅರ್ಧ ಜನ ಅವಳ ಕೈಯಲ್ಲಿ ಕಲಿತವರು. ಮೂವತ್ತೊಂದು ವರ್ಷದ ಮಾನ ಅರ್ಧ ಗಂಟೆಯಲ್ಲಿ ಮಣ್ಣುಪಾಲಾಗುತ್ತದೆ.

"ಬೈದ್ರೆ ಬೈಸ್ಕೋ," ಎಂದ ಲಿಯೊ, ಟೈ ಕಟ್ಟಿಕೊಳ್ಳುತ್ತಾ. "ಹೋಗ್ದೇ ಇದ್ರೆ ಸೋಮವಾರದಿಂದ ಆ ಕ್ಲಾಸಿಗೆ ಹ್ಯಾಗೆ ಕಾಲಿಡ್ತೀಯ?"

ಮೂರನೇ ಬೆಂಚಿನ ತುದಿಯಲ್ಲಿ ಕೂತರು. ಮೇಲೆ ಕೆಸರಾದರೂ ನೆಲದಾಳದ ಹಿಮಗಡ್ಡೆ ಇನ್ನೂ ಕರಗಿರಲಿಲ್ಲ, ಗುಂಡಿ ತೋಡಿ ಹೂಳುವುದು ಮೇ ತಿಂಗಳಲ್ಲಿ ಎಂದು ಪಾದ್ರಿ ತಿಳಿಸಿದರು. ಆಮೇಲೆ ಕರ್ಟಿಸ್ ಎದ್ದು ಹೋಗಿ ಹಾಳೆ ಬಿಡಿಸಿದ.

"ಇದು ನಾನು ಮೂರನೇ ಕ್ಲಾಸಲ್ಲಿ ಅಪ್ಪನ ಮೇಲೆ ಬರೆದದ್ದು," ಎಂದಷ್ಟೇ ಹೇಳಿದ. ವರ್ನಾಳ ಹೆಸರೆತ್ತಲಿಲ್ಲ.

"ಅಪ್ಪ. ಎತ್ತರದವನು, ಸುಮ್ಮನಿರುವವನು."

ಬೆಂಚುಗಳಲ್ಲಿ ತಲೆಗಳು ಎದ್ದವು. ಕರ್ಟಿಸ್ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡ. ಅವನು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಅಭ್ಯಾಸಬಲದಿಂದ "ಕೂರುತ್ತಾನೆ" ಎಂದರು. ಇನ್ನೊಂದು ಕಡೆಯಿಂದ ಮತ್ತೊಬ್ಬರು. ಮೂರನೆಯ ಸಲಕ್ಕೆ ಇಡೀ ಚರ್ಚು ತಗ್ಗಿದ ದನಿಯಲ್ಲಿ ಹೇಳುತ್ತಿತ್ತು. ಯಾರೂ ನಗಲಿಲ್ಲ. ಇಷ್ಟು ವರ್ಷ ತಾವು ಯಾರ ಕುರ್ಚಿಯ ಬಗ್ಗೆ ಹಾಡುತ್ತಿದ್ದೆವೆಂದು ಅವರಿಗೆಲ್ಲ ಆಗ ಗೊತ್ತಾಗುತ್ತಿತ್ತು.

ಅಲ್ಲಿಗೆ ಊರಿಗೆ ಗೊತ್ತಿದ್ದ ಪದ್ಯ ಮುಗಿಯಿತು. ಮುಂದಿನದನ್ನು ಕರ್ಟಿಸ್ ಒಬ್ಬನೇ ಓದಬೇಕಿತ್ತು.

"ನಾನೂ ಪಕ್ಕದಲ್ಲಿ ಹೋಗಿ ಕೂರುತ್ತೇನೆ," ಎಂದು ಓದಿದ, ಶವಪೆಟ್ಟಿಗೆಯ ಕಡೆ ತಿರುಗಿ, ಕೇಳಿಸಬೇಕಾದವರು ಅಲ್ಲಿದ್ದಾರೆ ಎಂಬಂತೆ ಗಟ್ಟಿಯಾಗಿ. "ಆರ್ಮಾಂಡ್."

ವರ್ನಾಳ ಬೆರಳುಗಳು ಮಡಿಲಲ್ಲಿ ತಮ್ಮಷ್ಟಕ್ಕೆ ಮಡಚಿಕೊಂಡು ಆ ಸಾಲನ್ನು ಎಣಿಸಿದವು. ನಾಲ್ಕು ಪದ. ಲೆಕ್ಕ ಸರಿಯಾಗಿತ್ತು, ಆವತ್ತೂ ಸರಿಯಾಗಿಯೇ ಇತ್ತು. ಅವಳು ಅಳುತ್ತಿದ್ದಳು. ಲಿಯೊ ಕರವಸ್ತ್ರ ಹುಡುಕುತ್ತಿದ್ದ.