ಬೆರಳಿಟ್ಟು ನೋಡುವ ವೆಂಕಟರಾಯಪ್ಪನವರು

ಯುದ್ಧದ ಭಯಕ್ಕೆ ಬೆಂಗಳೂರಿನಿಂದ ಹೊಸಕೋಟೆಯ ಹಳೇ ಬಂಗಲೆಗೆ ಬಂದ ಎಕ್ಸ್‌ರೇ ಪ್ರಯೋಗಶಾಲೆಯಲ್ಲಿ ವೆಂಕಟರಾಯಪ್ಪನವರೇ ವೈದ್ಯರು. ರೋಗಿಗಳೆಂದರೆ ಮೊಟ್ಟೆಯ ಬಿಳಿಯಿಂದ ಬೆಳೆಸಿದ ಪ್ರೋಟೀನ್ ಹರಳುಗಳು. ಹರಳಿಗೆ ತಾಗಿ ಚೆದುರಿದ ಕಿರಣ ಫಿಲ್ಮಿನ ಮೇಲೆ ಮೂಡಿಸಿದ ಚುಕ್ಕೆಗಳು ಜೋಡಿಜೋಡಿಯಾಗಿದ್ದರೆ "ಇದು ಅವಳಿ ಹರಳು ಕಣ್ರೀ" ಅಂತಾರೆ, ಕದಡಿಕೊಂಡಿದ್ದರೆ "ಒಣಗಿಸಿ ಸಾಯಿಸಿಬಿಟ್ರಲ್ಲಯ್ಯಾ!" ಅಂತ ಸಹಾಯಕರ ಮೇಲೆ ರೇಗುತ್ತಾರೆ. ಹೆಂಡತಿ ಅಮ್ಮಯಮ್ಮನ ರಂಗೋಲಿಯನ್ನೂ ಬಿಟ್ಟವರಲ್ಲ: "ಲೇ, ಒಂದು ಚುಕ್ಕೆ ಸರಿದಿದೆ ನೋಡೇ!" ಕಿರಣ ನೆಟ್ಟಗೆ ಬೀಳುತ್ತಿದೆಯೇ ಎಂದು ತಿಳಿಯಲು ಮಾತ್ರ ಯಾವ ಸಲಕರಣೆಯನ್ನೂ ನಂಬದೆ, ಕಿರಣ ಬಿದ್ದರೆ ಹೊಳೆಯುವ ಪರದೆಯ ಮುಂದೆ ತಮ್ಮ ಬೆರಳುಗಳನ್ನೇ ಹಿಡಿದು ಮೂಳೆಯ ನೆರಳು ನೋಡುತ್ತಾರೆ. ಈಗ ಆ ಬೆರಳುಗಳು ಕಿರಣ ತಾಗಿ ತಾಗಿ ಕಪ್ಪಗೆ ಸೆಟೆದು, ಮುದ್ದೆ ಮುರಿಯಲಾರವು. ತುತ್ತು ಮಾಡಿ ತಿನ್ನಿಸುವ ಅಮ್ಮಯಮ್ಮ, "ಎಲ್ಲದರ ತಪ್ಪೂ ಹುಡುಕ್ತೀರಿ, ಈ ಬೆರಳಿಗೇನಾಯ್ತು ಅಂತ ಗೊತ್ತಾಗ್ಲಿಲ್ವೇನ್ರೀ?" ಅಂದರೆ, "ಹೋದ ವರ್ಷವೇ ಗೊತ್ತಾಯ್ತು ಕಣೇ" ಎಂದು ಮುಂದಿನ ತುತ್ತಿಗೆ ಬಾಯಿ ತೆರೆಯುತ್ತಾರೆ.