ಅಪ್ಪನ ದನಿ ಇದ್ದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಆಫ್ ಆಗಿ ಮತ್ತೆ ಆನ್ ಆಗಲು ಶುರುವಾದದ್ದು ಅಪ್ಪನ ಗಂಟಲಿನ ಆಪರೇಷನ್ ಆಗಿ ಮೂರನೇ ತಿಂಗಳಲ್ಲಿ. ಅದರೊಳಗೆ ಅಪ್ಪನ ದನಿ ಇತ್ತು. ಬೇರೆಲ್ಲೂ ಇರಲಿಲ್ಲ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಬೆಂಗಳೂರಿನ ಡಾಕ್ಟರು ಹೇಳಿದ ವಾರ ನಾನು ಚನ್ನಪಟ್ಟಣದಿಂದ ಒಂದು ಮೈಕು ತಂದು ಅಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದೆ. 'ಏನ್ ಮಾತಾಡ್ಲಿ?' ಅಂದ. 'ಏನಾದ್ರೂ ಮಾತಾಡಪ್ಪ' ಅಂದೆ. ಅವನ ಗಂಟಲು ನೋಯುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಮಧ್ಯಾಹ್ನದ ಅರ್ಧ ಹೊತ್ತು ಮಾತಾಡಿದ. ಆಮೇಲೆ ಅದನ್ನು ತೆರೆದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಇದೆ ಎಂಬುದೇ ಸಾಕಾಗಿತ್ತು.

ಹೊಂಗನೂರಿನ ನಮ್ಮ ಮನೆಯಲ್ಲಿ ನಡುಮನೆಗೆ ಅಂಟಿಕೊಂಡೇ ಹುಳುಮನೆ. ರೇಷ್ಮೆ ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಅಲ್ಲಾಡದೆ ಮಲಗಿದಾಗ, ತಟ್ಟೆ ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಆ ಪುಡಿ ಬಾಗಿಲು ದಾಟಿ ನಡುಮನೆಗೂ ಬರುತ್ತಿತ್ತು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದ ಮೇಲೆ ಅಲ್ಲಿನ ಯಾವುದೋ ಆಫೀಸಿನವರು ಹಳೆಯದೆಂದು ಮಾರಿದ ಕಂಪ್ಯೂಟರ್ ನಮ್ಮದು. ಧೂಳು ಬೀಳದ ಹಾಗೆ ಏನಾದರೂ ಹೊಲಿದುಕೊಡು ಎಂದು ಅವ್ವನಿಗೆ ಹೇಳಿದವಳು ನಾನೇ. ಊಜಿ ನೊಣ ಬಂದು ಹುಳುವಿನ ಮೇಲೆ ಮೊಟ್ಟೆ ಇಡದಂತೆ ಕಿಟಕಿ, ಬಾಗಿಲು, ಸಂದುಗೊಂದಿಗೆಲ್ಲ ಬಲೆ ಹೊಡೆದು ರೂಢಿಯಾದ ಕೈ ಅವಳದು. ಹುಳು ಸಾಕುವ ಮನೆಯವರಿಗೆ ತೂತು ಕಂಡರೆ ಮುಚ್ಚಬೇಕು ಅನ್ನಿಸುತ್ತದೆ. ಹಿಂದೆ, ಮುಂದೆ, ಪಕ್ಕ ಎಲ್ಲ ಸೇರಿಸಿ ಸಿಪಿಯುಗೆ ದಪ್ಪ ಬಿಳಿ ಬಟ್ಟೆಯ ಅಂಗಿಯನ್ನೇ ಹೊಲಿದಳು. ಒತ್ತುವ ಗುಂಡಿಗೂ ಸಿ.ಡಿ. ಹಾಕುವ ಬಾಯಿಗೂ ವೈರುಗಳಿಗೂ ಮಾತ್ರ ಕಿಂಡಿ. ಅದೇ ದಿನ, ಆಪರೇಷನ್ನಿನಲ್ಲಿ ಅಪ್ಪನ ಕುತ್ತಿಗೆಗೆ ಮಾಡಿದ್ದ ತೂತಿಗೂ ತೆಳು ಮಲ್ಲಿನ ಬಟ್ಟೆ ಹೊಲಿದಳು. ಅವನು ಉಸಿರಾಡುತ್ತಿದ್ದದ್ದು ಈಗ ಆ ತೂತಿನಿಂದಲೇ.

ನಾನು ಆಗ ರಾಮನಗರದಲ್ಲಿ ಡಿಗ್ರಿಯ ಕೊನೆಯ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಬಹುಮಾನದ ಕಪ್ ತರುತ್ತಿದ್ದವಳು. ಕಂಪ್ಯೂಟರಿನ ವಿಷಯದಲ್ಲೂ ಹಾಗೇ ಹೊರಟೆ. ಮೊದಲ ವಾದ, ಕರೆಂಟು ಸರಿಯಿಲ್ಲ. ಅದನ್ನು ಸಾಬೀತು ಮಾಡಲು ಎಷ್ಟು ಹೊತ್ತಿಗೆ ಆಫ್ ಆಗುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬೆಳಿಗ್ಗೆ ಮೊದಲ ಸಲ ಇಪ್ಪತ್ತು ನಿಮಿಷ. ತಕ್ಷಣ ಮತ್ತೆ ಆನ್ ಆದಾಗ ಎಂಟು. ಆಮೇಲೆ ಮೂರು. ಪಕ್ಕದ ಮನೆಯಿಂದ ಸ್ಟೆಬಿಲೈಸರ್ ತಂದು ಹಾಕಿದೆ, ಅದೇ ಪಾಡು. ಹಾಗಾದರೆ ವೈರಸ್ ಅಂದೆ. ಫೈಲನ್ನು ಆಚೆ ತೆಗೆದಿಡೋಣವೆಂದರೆ ಫ್ಲಾಪಿಗೆ ಹಿಡಿಸದಷ್ಟು ದೊಡ್ಡದು. ಪೆನ್ ಡ್ರೈವನ್ನು ನಾನು ನೋಡಿದ್ದು ಒಬ್ಬ ಲೆಕ್ಚರರ ಕೊರಳಲ್ಲಿ ಮಾತ್ರ.

'ಕಬ್ಬಾಳಮ್ಮಂಗೆ ಒಂದು ಹರಕೆ ಕಟ್ಕತೀನಿ ಕಣವ್ವಾ' ಅಂದಳು ಅವ್ವ.

'ಅಮ್ಮಂಗೆ ಕಂಪ್ಯೂಟರ್ ಗೊತ್ತಾ?'

'ನಿಂಗೆ ಗೊತ್ತೈತಲ್ಲ, ಮತ್ತೆ ಮಾಡು ಸರಿ.'

ಅಪ್ಪ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಏನಾದರೂ ಹೇಳಬೇಕಾದರೆ ಚಪ್ಪಾಳೆ ತಟ್ಟಿ, ನಾವು ತಿರುಗಿದ ಮೇಲೆ ಸ್ಲೇಟಿನಲ್ಲಿ ಬರೆದು ತೋರಿಸಬೇಕು. ಅವತ್ತು ಎದ್ದುಬಂದು ಸಿಪಿಯು ಮೇಲೆ ಹಿಂಗೈ ಇಟ್ಟು ನೋಡಿದ. ಹುಳುಮನೆಯ ಕಾವನ್ನು ಅವನು ನೋಡುತ್ತಿದ್ದದ್ದೂ ಹಾಗೆಯೇ, ಗೋಡೆಗೆ ಹಿಂಗೈ ತಾಗಿಸಿ. ಸ್ಲೇಟಿನಲ್ಲಿ 'ಬಿಸಿ' ಎಂದು ಬರೆದ.

'ಮಿಷನ್ ಅಂದ್ಮೇಲೆ ಬಿಸಿ ಆಗ್ದೆ ಇರ್ತದಾ ಅಪ್ಪ' ಅಂದು ನಾನು ಸ್ಕ್ರೀನಿನ ಕಡೆ ತಿರುಗಿಕೊಂಡೆ. ಹಿಂದೆ ಒಮ್ಮೆ ಚಪ್ಪಾಳೆ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ನಾನು ತಿರುಗಲಿಲ್ಲ. ಬರೆಯುವಷ್ಟು ಹೊತ್ತು ಕಾಯುವ ವ್ಯವಧಾನ ನನಗಿರಲಿಲ್ಲ. ಮಾತು ಬಾರದವನ ಎದುರು ವಾದ ಗೆಲ್ಲುವುದು ಎಷ್ಟು ಸುಲಭ ಎಂದು ಆಗ ಹೊಳೆಯಲೂ ಇಲ್ಲ.

ಮರುದಿನ ಚನ್ನಪಟ್ಟಣದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನದು ಬೊಂಬೆ ಮಾಡುವ ಮನೆತನ. ಇವನು ಮಾತ್ರ ಉಳಿ ಬಿಟ್ಟು ಸ್ಕ್ರೂಡ್ರೈವರ್ ಹಿಡಿದವನು.

'ಮಿಷನ್ ತಗಂಬನ್ನಿ ಅಕ್ಕ, ಬಿಚ್ಚಿ ನೋಡುವಾ' ಅಂದ.

ಬಿಚ್ಚುವುದು ಯಾಕೆ ಬೇಡ, ಇದು ಸಾಫ್ಟ್‌ವೇರಿನದೇ ತೊಂದರೆ ಯಾಕೆ ಎಂದು ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟೆ. ಅವನು ಕೈಯಲ್ಲಿದ್ದ ಬೇರೆ ಯಾರದೋ ಪಾರ್ಟನ್ನು ಒರೆಸುತ್ತಾ ಕೇಳಿಸಿಕೊಂಡ.

'ನೀವು ವಕೀಲ್ರು ಓದ್ತಾ ಇದೀರಾ?'

'ಇಲ್ಲ.'

'ಓದಿ. ತಗಳಿ ಸಿ.ಡಿ., ಹೊಸ್ದಾಗಿ ಲೋಡ್ ಮಾಡಿ.'

'ಒಳಗಿರೋ ಫೈಲು?'

'ಉಳ್ಕಂಡ್ರೂ ಉಳ್ಕಬೋದು. ಗ್ಯಾರಂಟಿ ಕೊಡಾಕಾಗಲ್ಲ ಅಕ್ಕ. ಅದ್ಕೇ ತಗಂಬನ್ನಿ ಅಂದಿದ್ದು.'

ಗೆದ್ದ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಸಿ.ಡಿ. ಹಿಡಿದು ಬಸ್ಸು ಹತ್ತಿದೆ.

ಮನೆಗೆ ಬಂದು ಸಿ.ಡಿ. ಹಾಕಿದೆ. ನೀಲಿ ಪರದೆ ಬಂತು. ಮುಂದುವರಿಯಬೇಕಾದರೆ ಒಂದು ಕೀ ಒತ್ತಬೇಕು. ಹಿಂದೆ ಚಪ್ಪಾಳೆ. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟಿದ್ದೆ. ಆಗ ಪರದೆ ಕಪ್ಪಾಯಿತು. ಈ ಸಲ ಅದು ತಾನಾಗಿ ಆಫ್ ಆದದ್ದಲ್ಲ. ಗೋಡೆಯ ಸ್ವಿಚ್ಚಿನ ಮೇಲೆ ಅಪ್ಪನ ಕೈ ಇತ್ತು.

'ಯಾಕಪ್ಪ ಹಿಂಗ್ ಮಾಡ್ದೆ' ಎಂದು ಕೂಗಿದೆ. ಅವನು ಸ್ಲೇಟು ಹುಡುಕಲಿಲ್ಲ. ನನ್ನ ಕೈ ಹಿಡಿದು ಕಂಪ್ಯೂಟರಿನ ಹಿಂಭಾಗಕ್ಕೆ, ಬಟ್ಟೆಯ ಒಳಗೆ ತೂರಿಸಿದ. ಸುಡುವಷ್ಟು ಕಾವು. ಆಮೇಲೆ ಅದೇ ಕೈಯನ್ನು ತನ್ನ ಕುತ್ತಿಗೆಯ ಹತ್ತಿರ ತಂದ. ಮಲ್ಲಿನ ಬಟ್ಟೆಯ ಮೂಲಕ ಅವನ ಉಸಿರು ನನ್ನ ಅಂಗೈಗೆ ತಾಗಿತು. ಆ ತೂತಿನ ಹತ್ತಿರ ನಾನು ಕೈ ಒಯ್ದದ್ದು ಅದೇ ಮೊದಲು. ನನ್ನ ಅಂಗೈಯನ್ನು ಅಲ್ಲೇ ಒಂದು ಗಳಿಗೆ ಒತ್ತಿ ಹಿಡಿದ. ಉಸಿರು ನಿಂತಿತು. ನಾನು ಗಾಬರಿಯಾಗಿ ಕೈ ಕಿತ್ತುಕೊಂಡೆ. ಅವನು ಕೆಮ್ಮಿ, ಸುಧಾರಿಸಿಕೊಂಡು, ಕಂಪ್ಯೂಟರಿನ ಬಿಳಿ ಅಂಗಿಯ ಕಡೆ ಬೆರಳು ತೋರಿಸಿದ.

ಬಟ್ಟೆ ಬಿಚ್ಚಿದೆವು. ಪಕ್ಕದ ತಗಡು ಬಿಚ್ಚಿದೆವು. ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳ ಮೇಲೆ, ಅದರ ಕೆಳಗಿನ ತಗಡಿನ ಸಾಲುಗಳ ನಡುವೆ ಸುಣ್ಣದ ಪುಡಿ ಗಟ್ಟಿ ಕೂತಿತ್ತು. ಕಿಂಡಿಗಳಿಂದ ಒಳಗೆ ಬಂದ ಪುಡಿಯನ್ನೂ ಒಳಗಿನ ಬಿಸಿ ಗಾಳಿಯನ್ನೂ ಬಟ್ಟೆ ಆಚೆ ಬಿಟ್ಟಿರಲಿಲ್ಲ. ಇಪ್ಪತ್ತು, ಎಂಟು, ಮೂರು. ಆರಲು ಬಿಟ್ಟಾಗ ಹೆಚ್ಚು ಹೊತ್ತು, ಬಿಡದಿದ್ದಾಗ ಕಡಿಮೆ. ಪುರಾವೆ ನನ್ನ ಕೈಬರಹದಲ್ಲೇ ಇತ್ತು, ಓದಿರಲಿಲ್ಲ ಅಷ್ಟೆ.

ಅಪ್ಪ ಸೂರಿಗೆ ಸಿಕ್ಕಿಸಿದ್ದ ಕೋಳಿ ಗರಿಯನ್ನು ತೆಗೆಸಿದ. ಮೊಟ್ಟೆಯೊಡೆದ ಎಳೆ ಹುಳುಗಳನ್ನು ನೋವಾಗದಂತೆ ತಟ್ಟೆಗೆ ಇಳಿಸಲು ಮೊದಲು ಅದು ಬೇಕಾಗುತ್ತಿತ್ತು. ಈಗ ಬೆಳೆದ ಮರಿ ಹುಳುವನ್ನೇ ಕೊಂಡು ತರುವುದರಿಂದ ಗರಿಗೆ ಕೆಲಸವಿರಲಿಲ್ಲ. ಧೂಳು ಅವನಿಗೆ ಆಗದು. ದೂರ ಕೂರಲು ಹೇಳಿ ಗರಿ ನಾನೇ ಹಿಡಿದೆ. ಒರಟಾಗಿ ಉಜ್ಜಿದಾಗಲೆಲ್ಲ ಚಪ್ಪಾಳೆ ಕೇಳಿಸುತ್ತಿತ್ತು. ಪ್ರತಿ ಸಲವೂ ತಿರುಗಿ ನೋಡಿದೆ. ಮೆಲ್ಲಗೆ, ಮೆಲ್ಲಗೆ ಎಂದು ಅಂಗೈ ಅಲ್ಲಾಡಿಸುತ್ತಿದ್ದ.

ಆನ್ ಮಾಡಿದೆ. ಅರ್ಧ ಗಂಟೆ ಮೂವರೂ ಸುಮ್ಮನೆ ಪರದೆ ನೋಡುತ್ತಾ ಕೂತೆವು. ಆಫ್ ಆಗಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಫೈಲು ತೆರೆದೆ.

'ಆ ವರ್ಸ ಹುಳ ಎಲ್ಲಾ ಸಾಯ್ತಾ ಇದ್ದೋ' ಎಂದಿತು ಅಪ್ಪನ ದನಿ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. 'ನಿಮ್ಮವ್ವ ಕಬ್ಬಾಳಮ್ಮಂಗೆ ಹರಕೆ ಹೊತ್ಲು. ಮೂರ್ ದಿನಕ್ಕೆ ಹುಳ ತಲೆ ಎತ್ದೋ.'

'ಅಪ್ಪ, ಹರಕೆಗಲ್ಲ ಅದು' ಎಂದಿತು ನನ್ನ ದನಿ. 'ಮಳೆ ಬಂದು ತಂಪಾಗಿರ್ತದೆ, ಅದ್ಕೆ.'

'ಮಳೆನೂ ಬಂತು ಅನ್ನು, ಆದ್ರೆ...'

'ಆದ್ರೆ ಏನಿಲ್ಲ. ಎರಡೂ ಒಟ್ಟಿಗೇ ಆಯ್ತು ಅಂದ್ರೆ ಒಂದ್ರಿಂದ ಇನ್ನೊಂದಾಯ್ತು ಅಂತ ಅಲ್ಲ.'

ಹೀಗೇ ಮುಂದುವರಿಯಿತು. ಅರ್ಧಕ್ಕಿಂತ ಹೆಚ್ಚು ನಾನೇ ಇದ್ದೆ. ನಾಳಿದ್ದು ದನಿ ಹೋಗಲಿರುವ ಮನುಷ್ಯನ ಪ್ರತಿ ವಾಕ್ಯದ ನಡುವೆಯೂ ಬಾಯಿ ಹಾಕಿದ್ದೆ. ಕೊನೆಯಲ್ಲಿ ಅವನು 'ಆಯ್ತು ಕಣವ್ವಾ, ನೀನೇ ಯೋಳು' ಅಂದಿದ್ದ. ಅಲ್ಲಿಂದ ಮುಂದೆ ಎಲ್ಲ ನನ್ನದೇ ಮಾತು.

'ನನ್ನ ಮಾತನ್ನೆಲ್ಲ ಕತ್ತರಿಸಿಬಿಡ್ತೀನಪ್ಪ' ಅಂದೆ. 'ನಿಂದಷ್ಟೇ ಇರ್ಲಿ.'

ಅವನು ಬೇಡವೆಂದು ತಲೆಯಾಡಿಸಿದ. ಸ್ಲೇಟು ತೆಗೆದುಕೊಂಡು ಬರೆಯತೊಡಗಿದ. ನಾನು ಕಾದೆ. 'ಇನ್ನೊಂದು ಸತಿ ಹಾಕು' ಎಂದು ಬರೆದಿದ್ದ.

ಹಾಕಿದೆ. ಈ ಸಲ ನನ್ನ ಮಾತಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ನಾನು ವಾದಿಸುತ್ತಿರುವಾಗ ಅವನು 'ಹೂಂ... ಹೂಂ' ಅನ್ನುತ್ತಿದ್ದ. ನಡುವೆ ಒಂದು ಕಡೆ ಮೈಕಿನಿಂದ ದೂರ ತಿರುಗಿ ನಗುತ್ತಿದ್ದ. ನನ್ನ ಮಾತನ್ನು ತೆಗೆದರೆ ಆ ನಗುವೂ ಹೋಗುತ್ತಿತ್ತು.

ಮರುದಿನ ಕಂಪ್ಯೂಟರನ್ನು ಬಟ್ಟೆ ಇಲ್ಲದೆ ಚನ್ನಪಟ್ಟಣಕ್ಕೆ ಹೊತ್ತುಕೊಂಡು ಹೋಗಿ, ಅಂಗಡಿಯವನ ಎದುರು ಬಾಯಿ ಬಿಡದೆ ಕೂತು, ಆ ಫೈಲನ್ನು ಇದ್ದದ್ದು ಇದ್ದ ಹಾಗೆ ಎರಡು ಸಿ.ಡಿ.ಗೆ ಹಾಕಿಸಿಕೊಂಡು ಬಂದೆ.